ಮಿಷೆಲಿನ್ ಗೈಡ್

ಮಿಷೆಲಿನ್ ಗೈಡ್ ಎಂಬುದು ಫ್ರಾನ್ಸಿನ ಟೈರು ತಯಾರಿಕಾ ಸಂಸ್ಥೆಯಾದ ಮಿಷೆಲಿನ್ ಪ್ರಕಟಿಸುವ ಊಟಗೃಹ ಹಾಗೂ ವಸತಿಗೃಹಗಳ ಮಾರ್ಗದರ್ಶಿ. (ಕನ್ನಡದ ರೂಢಿಯಲ್ಲಿ 'ಹೋಟೆಲು' ಎಂಬ ಒಂದೇ ಪದ ಇವೆರಡನ್ನೂ ಸೂಚಿಸುವುದರಿಂದ ಈ ಲೇಖನದಲ್ಲಿ ಅವುಗಳನ್ನು ಬೇರೆ ಬೇರೆಯಾಗಿಯೇ ಹೆಸರಿಸಲಾಗಿದೆ.) ಊಟಗೃಹಗಳಿಗೆ ನೀಡುವ ನಕ್ಷತ್ರಗಳಿಂದ ಇದು ಜಗತ್ಪ್ರಸಿದ್ಧವಾಗಿದೆ. ಇತ್ತೀಚಿನ ವರ್ಷಗಳಲ್ಲಿ ವಸತಿಗೃಹಗಳ ಶ್ರೇಣೀಕರಣ, ಕೊಠಡಿ ಕಾದಿರಿಸುವಿಕೆ ಮೊದಲಾದ ಪ್ರವಾಸಿ ಸೇವೆಗಳಿಗೂ ವಿಸ್ತರಿಸಿದೆ.

ಆರಂಭ

ಆಂದ್ರೆ ಮತ್ತು ಎದುವಾರ್ ಮಿಷೆಲಿನ್ ಸಹೋದರರು ಕ್ಲೆರ್ಮಾಂ-ಫೆರಾಂ ನಗರದಲ್ಲಿ 1889ರಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿದರು. 1900ರಲ್ಲಿ ಮಾರ್ಗದರ್ಶಿಯ ಮೊದಲ ಆವೃತ್ತಿ ಹೊರಬಂದಾಗ ಫ್ರಾನ್ಸಿನಲ್ಲಿದ್ದ ಕಾರುಗಳ ಸಂಖ್ಯೆ ಮೂರು ಸಾವಿರಕ್ಕೂ ಕಡಿಮೆ; ಉಚಿತವಾಗಿ ಹಂಚಿದ ಪ್ರತಿಗಳು ಸುಮಾರು 35,000. ಜನರು ಹೆಚ್ಚು ದೂರ ಪ್ರಯಾಣಿಸಿದಷ್ಟೂ ಟೈರುಗಳು ಸವೆಯುತ್ತವೆ, ಸವೆದಷ್ಟೂ ಮಾರಾಟವಾಗುತ್ತವೆ ಎಂಬುದು ಸಹೋದರರ ಸರಳ ಲೆಕ್ಕಾಚಾರವಾಗಿತ್ತು. ನಕ್ಷೆಗಳು, ಟೈರು ಬದಲಿಸುವ ಕ್ರಮ, ಪೆಟ್ರೋಲು ದೊರೆಯುವ ಸ್ಥಳಗಳು, ರಿಪೇರಿ ಮಾಡುವವರ ಹಾಗೂ ತಂಗಲು ಯೋಗ್ಯವಾದ ಮನೆಗಳ ವಿವರಗಳು ಅದರಲ್ಲಿದ್ದವು. ಊಟದ ವಿಷಯಕ್ಕೆ ಪ್ರಾಧಾನ್ಯ ಬಂದುದು ಅನಂತರದಲ್ಲಿ. ಗ್ಯಾರೇಜೊಂದರಲ್ಲಿ ತಮ್ಮ ಪುಸ್ತಕವನ್ನು ಕೆಲಸದ ಮೇಜಿಗೆ ಒತ್ತಾಗಿ ಇಟ್ಟಿದ್ದನ್ನು ಆಂದ್ರೆ ಕಂಡರೆಂದೂ, ಪುಕ್ಕಟೆ ಸಿಕ್ಕ ವಸ್ತುವಿಗೆ ಬೆಲೆಯಿಲ್ಲವೆಂದು ಅರಿತು 1920ರಿಂದ ಅದನ್ನು ಮಾರಾಟ ಮಾಡತೊಡಗಿದರೆಂದೂ ಸಂಸ್ಥೆಯು ಹೇಳಿಕೊಂಡು ಬಂದಿದೆ.

1944ರಲ್ಲಿ ನಾರ್ಮಂಡಿಯಲ್ಲಿ ಇಳಿದ ಮಿತ್ರಪಡೆಗಳ ಬಳಕೆಗಾಗಿ 1939ರ ಆವೃತ್ತಿಯನ್ನು ಪುನರ್ಮುದ್ರಿಸಲಾಯಿತು. ಅದರ ಪಟ್ಟಣಗಳ ನಕ್ಷೆಗಳು ಅಷ್ಟು ನಿಖರವಾಗಿದ್ದವು.

ನಕ್ಷತ್ರಗಳು

1926ರಲ್ಲಿ ಒಂದು ನಕ್ಷತ್ರದ ಪದ್ಧತಿ ಜಾರಿಗೆ ಬಂದಿತು. 1931ರಲ್ಲಿ ಎರಡು ಮತ್ತು ಮೂರು ನಕ್ಷತ್ರಗಳು ಸೇರಿದವು. ಇವುಗಳ ಅರ್ಥವನ್ನು ಗಮನಿಸಬೇಕು. ಒಂದು ನಕ್ಷತ್ರವು ಉತ್ತಮ ಅಡುಗೆಯನ್ನು ಸೂಚಿಸಿದರೆ, ಎರಡು ನಕ್ಷತ್ರದ ಊಟಗೃಹಕ್ಕಾಗಿ ದಾರಿ ಬಳಸಿ ಹೋಗಬಹುದು, ಮೂರು ನಕ್ಷತ್ರದ್ದಕ್ಕಾಗಿ ವಿಶೇಷ ಪ್ರಯಾಣವನ್ನೇ ಕೈಗೊಳ್ಳಬಹುದು. ಅಂದರೆ ರುಚಿಯನ್ನು ಅಳೆದದ್ದೂ ದಾರಿಯ ದೂರದಿಂದಲೇ. ಪ್ರವಾಸದತ್ತ ಈಗಿನ ಹೊರಳುವಿಕೆಯನ್ನು ಹೊಸತೆಂದು ಕರೆಯುವುದು ಆದ್ದರಿಂದ ಪೂರ್ತಿ ಸರಿಯಲ್ಲ. ಪ್ರದೇಶಗಳ ಪ್ರೇಕ್ಷಣೀಯ ಸ್ಥಳಗಳನ್ನು ವಿವರಿಸುವ, ಮುಂದೆ ಹಸಿರು ಹೊದಿಕೆಯಿಂದ ಹೆಸರಾದ ಪುಸ್ತಕಮಾಲೆಯೂ 1926ರಲ್ಲಿಯೇ ಬ್ರಿಟನಿ ಪ್ರಾಂತದ ಕುರಿತಾದ ಸಂಪುಟದೊಂದಿಗೆ ಮೊದಲಾಗಿತ್ತು.

ಊಟಗೃಹಗಳನ್ನು ಪರಿಶೀಲಿಸುವವರು ಸಂಸ್ಥೆಯ ವೇತನ ಪಡೆಯುವ ನೌಕರರು. ಅವರು ಗುರುತು ಮರೆಮಾಚಿ, ಹಣ ತೆತ್ತು ಊಟ ಮಾಡುತ್ತಾರೆ. ಮಾರ್ಗದರ್ಶಿಯ ಮಾನ್ಯತೆಯೆಲ್ಲ ಈ ನಿಯಮದ ಮೇಲೆ ನಿಂತಿದೆ. 2005ರ ಬೆಲ್ಜಿಯಂ-ನೆದರ್ಲೆಂಡ್ಸ್-ಲಕ್ಸೆಂಬರ್ಗ್ ಆವೃತ್ತಿಯಲ್ಲಿ, ಇನ್ನೂ ಬಾಗಿಲನ್ನೇ ತೆರೆಯದಿದ್ದ ಊಟಗೃಹವೊಂದಕ್ಕೆ ಪ್ರಶಂಸೆ ಸಿಕ್ಕಿದ್ದು ಬಯಲಾದಾಗ ಸಂಸ್ಥೆಯು ಪ್ರತಿಗಳನ್ನು ಹಿಂಪಡೆಯಬೇಕಾಯಿತು.

ಪ್ರವಾಸ ಸೇವೆಗಳತ್ತ

ಗ್ರಾಹಕರೇ ಅಂತರಜಾಲದಲ್ಲಿ ವಿಮರ್ಶೆ ಬರೆಯತೊಡಗಿದ ಮೇಲೆ ಮುದ್ರಿತ ಕೈಪಿಡಿಗಳ ಬೇಡಿಕೆ ಕುಗ್ಗಿತು. ಮಿಷೆಲಿನ್ 2016ರಲ್ಲಿ ಊಟದ ಮೇಜು ಕಾದಿರಿಸುವ ಬುಕೆಟೇಬಲ್ ಸಂಸ್ಥೆಯನ್ನು ಕೊಂಡಿತು. ಅದು ಬಹುಕಾಲ ಉಳಿಯದೆ 2019ರಲ್ಲಿ ಟ್ರಿಪ್‌ಅಡ್ವೈಸರ್ ಕಂಪನಿಯ ಕೈಸೇರಿತು. 2018ರಲ್ಲಿ ಕೊಂಡ ಟ್ಯಾಬ್ಲೆಟ್ ಹೋಟೆಲ್ಸ್ ಮಾತ್ರ ಉಳಿದುಬಂದಿತು. ಅದರ ಆಧಾರದ ಮೇಲೆ 2024ರಲ್ಲಿ ವಸತಿಗೃಹಗಳಿಗೆ ಒಂದರಿಂದ ಮೂರರವರೆಗೆ 'ಕೀಲಿಕೈ'ಗಳನ್ನು ನೀಡುವ ಪದ್ಧತಿ ಫ್ರಾನ್ಸಿನಿಂದ ಆರಂಭವಾಯಿತು. ಕಟ್ಟಡದ ವಿನ್ಯಾಸ, ಸೇವೆ, ವೈಶಿಷ್ಟ್ಯ, ಬೆಲೆಗೆ ತಕ್ಕ ಅನುಭವ, ಸುತ್ತಲಿನ ಪರಿಸರಕ್ಕೆ ಸಲ್ಲಿಸುವ ಕೊಡುಗೆ ಇವು ಅದರ ಮಾನದಂಡಗಳು.

ಹೊಸ ಏರ್ಪಾಡಿನಲ್ಲಿ ಹಣದ ಮೂಲವೂ ಬದಲಾಗಿದೆ. ಮೊದಲು ಟೈರುಗಳ ವ್ಯಾಪಾರವೂ ಆಮೇಲೆ ಪುಸ್ತಕ ಕೊಳ್ಳುವ ಓದುಗನೂ ಖರ್ಚನ್ನು ಹೊರುತ್ತಿದ್ದರು. ಈಗ ಓದುಗನು ಮಾರ್ಗದರ್ಶಿಯ ತಾಣದಲ್ಲಿಯೇ ಕೊಠಡಿ ಕಾದಿರಿಸಬಹುದು. ತೀರ್ಪು ನೀಡುವವರೇ ಮಾರಾಟಕ್ಕೂ ನಿಂತಂತಾಗುತ್ತದೆ. ಇದಲ್ಲದೆ ಥಾಯ್ಲೆಂಡ್ ಮೊದಲಾದ ದೇಶಗಳ ಪ್ರವಾಸೋದ್ಯಮ ಇಲಾಖೆಗಳು ತಮ್ಮಲ್ಲಿಗೆ ಆವೃತ್ತಿಯನ್ನು ತರಿಸಿಕೊಳ್ಳಲು ಹಣ ನೀಡಿವೆ. ಹಣವು ಪ್ರಕಟಣೆಗೆ ಸಂಬಂಧಿಸಿದ್ದೇ ಹೊರತು ತೀರ್ಪಿಗಲ್ಲ ಎಂಬುದು ಸಂಸ್ಥೆಯ ನಿಲುವು. ನಿರ್ದಿಷ್ಟ ಊಟಗೃಹಕ್ಕೆ ದೊರೆತ ನಕ್ಷತ್ರವು ಹಣದಿಂದ ಬಂದಿತೆನ್ನಲು ಇದರಲ್ಲಿ ಆಧಾರವಿಲ್ಲವೆಂಬುದು ನಿಜ. ಆದರೆ ಯಾವ ಊರು ಪರಿಶೀಲಕರ ದಾರಿಯಲ್ಲಿ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಹಣವು ನಿರ್ಧರಿಸಬಲ್ಲದು. ನಕ್ಷತ್ರವಿಲ್ಲದ ದೇಶದಲ್ಲಿ ಒಳ್ಳೆಯ ಅಡುಗೆ ಇಲ್ಲವೆಂದು ಓದುಗರು ತಿಳಿಯಬಾರದು.

ಬಾಣಸಿಗರ ಪ್ರತಿಕ್ರಿಯೆ

ನಕ್ಷತ್ರದಿಂದ ವ್ಯಾಪಾರ ಹೆಚ್ಚುತ್ತದೆ, ಅದನ್ನು ಕಳೆದುಕೊಳ್ಳುವ ಭೀತಿಯೂ ಬೆಳೆಯುತ್ತದೆ. ಮೂರು ನಕ್ಷತ್ರ ಹೊಂದಿದ್ದ ಸೆಬಾಸ್ಟಿಯನ್ ಬ್ರಾಸ್ 2017ರಲ್ಲಿ ಈ ಒತ್ತಡ ಬೇಡವೆಂದು ತನ್ನನ್ನು ಕೈಬಿಡಲು ಕೋರಿದರು. 2018ರ ಆವೃತ್ತಿಯಲ್ಲಿ ಅವರ ಊಟಗೃಹದ ಹೆಸರಿರಲಿಲ್ಲ. ಮರುವರ್ಷ ಎರಡು ನಕ್ಷತ್ರಗಳೊಂದಿಗೆ ಮತ್ತೆ ಕಾಣಿಸಿತು. 2019ರಲ್ಲಿ ಮಾರ್ಕ್ ವೇರಾ ತಮ್ಮ ಮೂರನೆಯ ನಕ್ಷತ್ರ ಹೋದುದಕ್ಕೆ ನ್ಯಾಯಾಲಯದ ಮೆಟ್ಟಿಲೇರಿ ಸೋತರು.

ಕರ್ನಾಟಕದ ನಂಟು

ಲಂಡನ್ನಿನ ಕ್ವಿಲಾನ್ ಊಟಗೃಹವು 2008ರಲ್ಲಿ ಒಂದು ನಕ್ಷತ್ರ ಪಡೆಯಿತು. ಅದರ ಬಾಣಸಿಗ ಶ್ರೀರಾಮ್ ಐಲೂರ್ ಅವರು ಅದಕ್ಕೆ ಮೊದಲು ಬೆಂಗಳೂರಿನ 'ಕರಾವಳಿ' ಊಟಗೃಹದಲ್ಲಿದ್ದವರು. ಪಶ್ಚಿಮ ಕರಾವಳಿಯ ಮೀನು-ತೆಂಗಿನಕಾಯಿಯ ಅಡುಗೆಗೆ ಆ ಮನ್ನಣೆ ದೊರೆತದ್ದು ಥೇಮ್ಸ್ ನದಿಯ ಊರಿನಲ್ಲಿ.