ಪರದೇಶಿ ವಡೆಯ ಪೂರ್ವಾಪರ

ಕೆಲಸದ ಮೇಲೆ ಹೊರದೇಶಕ್ಕೆ ಹೋದ ಸಸ್ಯಾಹಾರಿ ಕನ್ನಡಿಗನಿಗೆ ಅನ್ನಪೂರ್ಣೇಶ್ವರಿ ಮೂರು ರೂಪದಲ್ಲಿ ದರ್ಶನ ಕೊಡುತ್ತಾಳೆ ಅನ್ನೋದು ನನ್ನ ಸಿದ್ಧಾಂತ. ಒಂದು ಬ್ರೆಡ್ಡು-ಜಾಮು, ಎರಡು ಚೀಸ್ ಪೀಟ್ಜಾ, ಮೂರು ಫಲಾಫೆಲ್. ಮೊದಲೆರಡು ಒಂದು ವಾರಕ್ಕೆ ಬೇಜಾರಾಗುತ್ತವೆ. ಮೂರನೆಯದು ಆಗುವುದಿಲ್ಲ. ನಾನು ಜರ್ಮನಿಯಲ್ಲಿದ್ದ ಎಂಟು ತಿಂಗಳಲ್ಲಿ ಎಷ್ಟು ಫಲಾಫೆಲ್ ತಿಂದಿರಬಹುದು ಅಂತ ಲೆಕ್ಕ ಇಟ್ಟಿದ್ದರೆ ಅದಕ್ಕೊಂದು ಎಕ್ಸೆಲ್ ಶೀಟೇ ಬೇಕಾಗುತ್ತಿತ್ತು :)

ನಮ್ಮವರು ಯಾರೇ ಅದನ್ನು ಮೊದಲ ಸಲ ಬಾಯಿಗಿಟ್ಟರೂ ಹೇಳುವ ಮಾತು ಒಂದೇ. "ಅಯ್ಯೋ, ಇದು ನಮ್ಮ ಆಂಬೊಡೆ ಕಣೋ! ನಮ್ಮಿಂದಲೇ ಹೊಡೆದಿದ್ದಾರೆ." ಈ ಮಾತು ಎಷ್ಟು ಸಲ ಕೇಳಿದೆ ಅಂದರೆ, ಕೊನೆಗೆ ನಿಜವಾಗಿಯೂ ಯಾರು ಯಾರಿಂದ ಹೊಡೆದರು ಅಂತ ಹುಡುಕುತ್ತಾ ಕೂತೆ. ಸಿಕ್ಕಿದ್ದನ್ನೆಲ್ಲ ಇಲ್ಲಿ ಗುಡ್ಡೆ ಹಾಕುತ್ತಿದ್ದೇನೆ.

ಮೊದಲು, ತಿನ್ನದೇ ಇದ್ದವರಿಗಾಗಿ ಒಂದಿಷ್ಟು ವಿವರ. ಕಾಳನ್ನು ರಾತ್ರಿಯಿಡೀ ನೆನೆಸಿ, ಬೇಯಿಸದೆ ಹಸಿಯಾಗಿಯೇ ತರಿತರಿಯಾಗಿ ರುಬ್ಬಿ, ಈರುಳ್ಳಿ, ಬೆಳ್ಳುಳ್ಳಿ, ಸೊಪ್ಪು, ಜೀರಿಗೆ, ಕೊತ್ತಂಬರಿ ಬೀಜ ಸೇರಿಸಿ, ತಟ್ಟಿ ಎಣ್ಣೆಯಲ್ಲಿ ಕರಿಯುವುದು. ಬೇಯಿಸಿದ ಕಾಳಿನಲ್ಲಿ ಮಾಡಿದರೆ ಎಣ್ಣೆಗೆ ಬಿಟ್ಟ ಕೂಡಲೇ ಪುಡಿಪುಡಿ. ಹಸಿ ಕಾಳಿನ ಪಿಷ್ಟ ಎಣ್ಣೆಯಲ್ಲೇ ಬೆಂದು ಅಂಟಾಗಿ ವಡೆಯನ್ನು ಹಿಡಿದಿಡುತ್ತದೆ. ಮೊದಲೇ ಬೆಂದಿದ್ದರೆ ಆ ಅಂಟು ಅಲ್ಲಿ ಹುಟ್ಟುವುದಿಲ್ಲ. ಕಡಲೆಬೇಳೆ ನೆನೆಸಿ ಆಂಬೊಡೆ ಮಾಡುವ ನಮ್ಮ ಅಮ್ಮಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಈಜಿಪ್ಟಿನಲ್ಲಿ ಇದಕ್ಕೆ ತಾಮಿಯಾ ಅಂತಾರೆ. ಅಲ್ಲಿ ಬಳಸುವುದು ಕಡಲೆಯಲ್ಲ, ಫೂಲ್ ಎಂಬ ಕಾಳು. ಅದು ನಮ್ಮ ಅವರೆಯ ದೂರದ ನೆಂಟ, ಇಂಗ್ಲಿಷಿನಲ್ಲಿ ಫಾವಾ ಬೀನ್ಸ್. ಕೊತ್ತಂಬರಿ, ಪಾರ್ಸ್ಲಿ, ಸಬ್ಬಸಿಗೆ ಧಾರಾಳವಾಗಿ ಬೀಳುವುದರಿಂದ ಮುರಿದರೆ ಒಳಗೆ ಹಚ್ಚ ಹಸಿರು, ಹೊರಗೆ ಎಳ್ಳು. ಸಬ್ಬಸಿಗೆ ವಡೆ ಅಂದರೆ ಸಾಕು, ನಿಮಗೆ ಅರ್ಥವಾಯಿತು! ಪ್ಯಾಲೆಸ್ಟೈನ್, ಸಿರಿಯಾ, ಲೆಬನಾನ್ ಕಡೆ ಬಂದರೆ ಕಾಬೂಲಿ ಕಡಲೆ, ಕೆಲವು ಕಡೆ ಎರಡರ ಮಿಶ್ರಣ. ಜೊತೆಗೆ ಎಳ್ಳಿನ ಗೊಜ್ಜು, ಬೀಟ್‌ರೂಟ್ ಹಾಕಿ ಗುಲಾಬಿ ಬಣ್ಣ ಬರಿಸಿದ ಟರ್ನಿಪ್ ಉಪ್ಪಿನಕಾಯಿ. ಮನೆಯಲ್ಲಾದರೆ ಮೆಜ್ಜೆ ಅಂತ ಊಟಕ್ಕೆ ಮುಂಚೆ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಹರಡುವ ತಿಂಡಿಗಳ ಸಾಲಿನಲ್ಲಿ, ರಸ್ತೆಯಲ್ಲಾದರೆ ರೊಟ್ಟಿಯ ಹೊಟ್ಟೆಯೊಳಗೆ.

ಈಗ ಹೆಸರಿಗೆ ಬರೋಣ. ಇಲ್ಲಿ ಮಾತ್ರ ನಮ್ಮವರು ಸ್ವಲ್ಪ ಕಾಲರ್ ಎತ್ತಿಕೊಳ್ಳಬಹುದು. ಅರಬ್ಬಿಯಲ್ಲಿ ಮೆಣಸಿಗೆ ಫಿಲ್‌ಫಿಲ್, ಅದರ ಬಹುವಚನ ಫಲಾಫಿಲ್. ತಿಂಡಿಯ ಹೆಸರು ಬಂದದ್ದು ಇಲ್ಲಿಂದಲೇ ಅಂತ ಹೆಚ್ಚಿನ ನಿಘಂಟುಗಳ ಅಭಿಪ್ರಾಯ. ಫಿಲ್‌ಫಿಲ್ ಬಂದದ್ದು ಪರ್ಶಿಯನ್ ಪಿಲ್‌ಪಿಲ್‌ನಿಂದ, ಅದು ಸಂಸ್ಕೃತದ ಪಿಪ್ಪಲಿಯಿಂದ. ಅರಬರ ನಾಲಿಗೆಗೆ 'ಪ' ಒಗ್ಗದೆ 'ಫ' ಆಯಿತು. ನಾವೂ ಕಮ್ಮಿಯೇನಿಲ್ಲ, ಪಾಲನ್ನು ಹಾಲು ಮಾಡಿದ ಹಾಗೆ ಪಿಪ್ಪಲಿಯನ್ನು ಹಿಪ್ಪಲಿ ಮಾಡಿಕೊಂಡೆವು. ಅಂದರೆ ಫಲಾಫೆಲ್ ಮತ್ತು ಅಜ್ಜಿಯ ಕಷಾಯದ ಹಿಪ್ಪಲಿ ಹೆಸರಿನ ಲೆಕ್ಕದಲ್ಲಿ ದಾಯಾದಿಗಳು. ಮಾತಿಗೆ ಮುಂಚೆ ಮಾಲೇ ಹೋಗಿತ್ತು ಬಿಡಿ. ಈಜಿಪ್ಟಿನ ಕೆಂಪು ಸಮುದ್ರದ ದಂಡೆಯ ಬೆರನೀಕೆ ಎಂಬ ಹಳೆಯ ಬಂದರಿನ ದೇಗುಲದಲ್ಲಿ, ಭಾರತದಲ್ಲಿ ಮಾಡಿದ ದೊಡ್ಡ ಮಡಕೆಯಲ್ಲಿ ಸುಮಾರು ಏಳೂವರೆ ಕೆಜಿ ಕರಿಮೆಣಸು ಸಿಕ್ಕಿದೆ. ಅದು ಕ್ರಿ.ಶ. 1ನೇ ಶತಮಾನದ್ದು.

ಆದರೆ ಹೆಸರು ಹೋಯಿತು, ಮೆಣಸು ಹೋಯಿತು ಅಂದ ಮಾತ್ರಕ್ಕೆ ವಡೆಯೂ ಹೋಯಿತು ಅಂತ ಆಗುವುದಿಲ್ಲವಲ್ಲ?

ನಮ್ಮ ಕಡೆಯ ದಾಖಲೆ ಗಟ್ಟಿಯಾಗಿದೆ, ನಿಜ. ಕಲ್ಯಾಣದ (ಇವತ್ತಿನ ಬಸವಕಲ್ಯಾಣ) ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಇಡ್ಲಿ, ದೋಸೆಗಳ ಪೂರ್ವಜರ ಜೊತೆಗೆ ವಟಕವೂ ಇದೆ, ಅಂದರೆ ವಡೆ. ಅದಕ್ಕೂ ನೂರು ವರ್ಷ ಮೊದಲು, 1025ರ ಸುಮಾರಿಗೆ ಕನ್ನಡದಲ್ಲೇ ಬಂದ ಎರಡನೇ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ.

ಫಲಾಫೆಲ್ ಕಡೆ? ಪರಿಸ್ಥಿತಿ ಉಲ್ಟಾ. ಬಾಗ್ದಾದಿನ 10 ಮತ್ತು 13ನೇ ಶತಮಾನದ ದೊಡ್ಡ ದೊಡ್ಡ ಪಾಕಪುಸ್ತಕಗಳಲ್ಲಿ ಈ ಹೆಸರಿನ ತಿಂಡಿ ಸಿಗುವುದಿಲ್ಲ. ಈಜಿಪ್ಟಿನಲ್ಲಿ ಇದರ ಬರಹದ ಉಲ್ಲೇಖ ಶುರುವಾಗುವುದೇ 19ನೇ ಶತಮಾನದಲ್ಲಿ. ಫೆರೋಗಳ ಕಾಲದ್ದು ಅನ್ನುವವರಿದ್ದಾರೆ, ಪುರಾವೆ ಇಲ್ಲ. ಕಾಪ್ಟಿಕ್ ಕ್ರೈಸ್ತರು ಉಪವಾಸದ ದಿನಗಳಿಗೆ ಕಂಡುಹಿಡಿದದ್ದು ಎನ್ನುವ ಕಥೆ ಎಲ್ಲಕ್ಕಿಂತ ಜನಪ್ರಿಯ. ಅವರಿಗೆ ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಉಪವಾಸ. ಮಾಂಸ, ಮೊಟ್ಟೆ, ಹಾಲು ಎಲ್ಲ ವರ್ಜ್ಯ. ಅಂಥ ಮನೆಯಲ್ಲಿ ಕಾಳಿನ ವಡೆ ಹುಟ್ಟಿರುವುದು ಸಹಜವೇ, ಆದರೆ ಇದಕ್ಕೂ ಹಳೆಯ ಬರಹದ ಆಧಾರವಿಲ್ಲ. ಇನ್ನೊಂದು ಊಹೆ ನಮಗೆ ಇಷ್ಟವಾಗುವಂಥದ್ದು: 1882ರಲ್ಲಿ ಬ್ರಿಟಿಷರು ಈಜಿಪ್ಟನ್ನು ಹಿಡಿದ ಮೇಲೆ, ಭಾರತದ ಕರಿದ ತಿಂಡಿಗಳ ರುಚಿ ಹತ್ತಿದ್ದ ಅಧಿಕಾರಿಗಳು ಅಲ್ಲಿನ ಅಡುಗೆಯವರಿಂದ ಸ್ಥಳೀಯ ಕಾಳಿನಲ್ಲಿ ಅಂಥದ್ದನ್ನೇ ಮಾಡಿಸಿರಬಹುದು ಅಂತ ಕೆಲವು ಇತಿಹಾಸಕಾರರು ಹೇಳಿದ್ದಾರೆ.

ಇದನ್ನು ಓದಿದಾಗ ನನಗೂ ರೋಮಾಂಚನವಾಯಿತು. ಆಮೇಲೆ ಯೋಚಿಸಿದೆ. 'ಮಾಡಿಸಿರಬಹುದು' ಅನ್ನುವುದನ್ನು 'ಮಾಡಿಸಿದರು' ಅಂತ ಓದಿಕೊಳ್ಳುವುದು ನಮಗೆ ಎಷ್ಟು ಸುಲಭ! ಈಜಿಪ್ಟಿನಲ್ಲಿ ಸಿಕ್ಕ ಆಕ್ಸಿರಿಂಕಸ್ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತಿದೆ ಅಂತ 1904ರಲ್ಲಿ ಹುಲ್ಟ್ಜ್ ಎಂಬ ವಿದ್ವಾಂಸ ಹೇಳಿದ್ದು ನಿಮಗೆ ಗೊತ್ತಿರುತ್ತದೆ. ಎಲ್ಲ ವಿದ್ವಾಂಸರೂ ಒಪ್ಪಿಲ್ಲ ಎನ್ನುವ ವಾಕ್ಯವನ್ನು ನಮ್ಮ ಭಾಷಣಗಳಲ್ಲಿ ಎಷ್ಟು ಸಲ ಕೇಳಿದ್ದೀರಿ?

ಅಷ್ಟಕ್ಕೂ ಕಾಳು ನೆನೆಸಿ, ರುಬ್ಬಿ, ಕರಿಯುವುದಕ್ಕೆ ಯಾರಿಂದಲೋ ಕಲಿಯಲೇಬೇಕೇ? ಪಶ್ಚಿಮ ಆಫ್ರಿಕಾ ನೋಡಿ. ನೈಜೀರಿಯಾದ ಕಡೆ ಅಲಸಂದೆ ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ-ಮೆಣಸಿನಕಾಯಿ ಹಾಕಿ ರುಬ್ಬಿ ಕರಿದರೆ ಅಕಾರಾ. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟವರ ಜೊತೆ ಅದು ಬ್ರೆಜಿಲ್ಲಿಗೆ ಹೋಯಿತು. ಬಹಿಯಾ ಪ್ರಾಂತ್ಯದ ಬೀದಿಗಳಲ್ಲಿ ಕಪ್ಪು ಹೆಂಗಸರು ತಾಳೆ ಎಣ್ಣೆಯಲ್ಲಿ ಕರಿದು ಮಾರುವ ಅಕರಜೆ ಅದೇ (ಅಲ್ಲಿ ಹೊಟ್ಟೆ ಸೀಳಿ ಸೀಗಡಿ ತುಂಬುತ್ತಾರೆ, ನಮ್ಮಂಥವರು ಮೊದಲೇ ಹೇಳಿಬಿಡಬೇಕು!). 2005ರಲ್ಲಿ ಬ್ರೆಜಿಲ್ ಸರ್ಕಾರ ಆ ಹೆಂಗಸರ ಕಸುಬನ್ನೇ ರಾಷ್ಟ್ರೀಯ ಪರಂಪರೆ ಅಂತ ದಾಖಲಿಸಿತು. ತಿಂಡಿಯನ್ನಲ್ಲ, ಮಾಡುವವರ ಕಸುಬನ್ನು. ಇದು ನನಗೆ ಬಹಳ ಹಿಡಿಸಿತು.

ಯಾಕೆಂದರೆ ಫಲಾಫೆಲ್ ವಿಷಯದಲ್ಲಿ ಆಗಿದ್ದು ಇದರ ತದ್ವಿರುದ್ಧ. 20ನೇ ಶತಮಾನದ ಮೊದಲ ಭಾಗದಲ್ಲಿ ಪ್ಯಾಲೆಸ್ಟೈನಿಗೆ ಬಂದ ಯಹೂದಿ ವಲಸಿಗರು ಅಲ್ಲಿನ ಅರಬರಿಂದ ಫಲಾಫೆಲ್ ತಿನ್ನಲು ಕಲಿತರು. 1948ರಲ್ಲಿ ಇಸ್ರೇಲ್ ಹುಟ್ಟಿತು. ಲಕ್ಷಾಂತರ ಪ್ಯಾಲೆಸ್ಟೀನಿಯರು ನಿರಾಶ್ರಿತರಾದರು. ಮರುವರ್ಷದಿಂದ ಹೊಸ ದೇಶದಲ್ಲಿ ರೇಷನ್ ಕಾಲ. ಮಾಂಸ ದುರ್ಲಭ, ಕಡಲೆ ಅಗ್ಗ. ಯೆಮೆನ್‌ನಿಂದ ಬಂದ ಯಹೂದಿಗಳಲ್ಲಿ ಎಷ್ಟೋ ಮಂದಿ ಫಲಾಫೆಲ್ ಗಾಡಿ ಇಟ್ಟು ಬದುಕಿದರು. 1958ರಲ್ಲಿ 'ನಮ್ಮಲ್ಲಿ ಫಲಾಫೆಲ್ ಇದೆ' ಎಂಬ ಹಾಡೇ ಬಂತು. ಮುಂದೆ ಫಲಾಫೆಲ್ ಮೇಲೆ ಇಸ್ರೇಲಿನ ಪುಟ್ಟ ಬಾವುಟ ಸಿಕ್ಕಿಸಿದ ಪೋಸ್ಟ್‌ಕಾರ್ಡುಗಳು ಪ್ರವಾಸಿಗರ ಕೈಗೆ ಬಂದವು. ಆ ಕಾರ್ಡಿನಲ್ಲಿ ಕಲಿಸಿದವರ ಹೆಸರಿಗೆ ಜಾಗ ಇರಲಿಲ್ಲ.

2008ರಲ್ಲಿ ಲೆಬನಾನಿನ ಕೈಗಾರಿಕೋದ್ಯಮಿಗಳ ಸಂಘ ಎದ್ದು ನಿಂತಿತು. ಗ್ರೀಸ್ ದೇಶ ಫೆಟಾ ಚೀಸನ್ನು ಕಾನೂನಿನಡಿ ತನ್ನದಾಗಿಸಿಕೊಂಡ ಹಾಗೆ, ಹಮ್ಮುಸ್, ಫಲಾಫೆಲ್ ಮುಂತಾದವು ನಮ್ಮವು ಅಂತ ದಾವೆ ಹೂಡುತ್ತೇವೆ ಅಂದಿತು. ಹೋರಾಟ ಕೊನೆಗೆ ಗಿನ್ನೆಸ್ ದಾಖಲೆಯ ಪೈಪೋಟಿಗೆ ಬಂದು ನಿಂತಿತು. 2010ರ ಜನವರಿಯಲ್ಲಿ ಇಸ್ರೇಲಿನೊಳಗಿನ ಅರಬ್ ಹಳ್ಳಿ ಅಬು ಘೋಷ್‌ನಲ್ಲಿ 4 ಟನ್ನಿಗೂ ಹೆಚ್ಚು ಹಮ್ಮುಸ್ ಮಾಡಿದರು. ತಟ್ಟೆ ಸಾಲದೆ ಒಂದು ಸ್ಯಾಟಲೈಟ್ ಡಿಶ್ ತಂದು ಅದರಲ್ಲಿ ಹರಡಿದರಂತೆ! ಮೇ ತಿಂಗಳಲ್ಲಿ ಲೆಬನಾನ್ 10,452 ಕೆಜಿ ಹಮ್ಮುಸ್ ಮಾಡಿತು. ಆ ಸಂಖ್ಯೆ ಯಾಕೆಂದರೆ ದೇಶದ ವಿಸ್ತೀರ್ಣ 10,452 ಚದರ ಕಿಮೀ. ಮರುದಿನ 5,173 ಕೆಜಿ ಫಲಾಫೆಲ್. ನಗು ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ. ಊರು ಕಳೆದುಕೊಂಡವನಿಗೆ ಉಳಿಯುವುದು ನಾಲಿಗೆಯ ಮೇಲಿನದ್ದು ಮಾತ್ರ. ಅದನ್ನೂ ಬೇರೆಯವರ ಹೆಸರಲ್ಲಿ ಮಾರುವುದನ್ನು ನೋಡಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಹಾಗಾಗಿ ನನಗನ್ನಿಸಿದ್ದು ಇಷ್ಟು. ಒಂದು ತಿಂಡಿ ಮೊದಲು ಎಲ್ಲಿ ಹುಟ್ಟಿತು ಎನ್ನುವ ಪ್ರಶ್ನೆಗೆ ಬಹಳ ಸಲ ಉತ್ತರ ಸಿಗುವುದೇ ಇಲ್ಲ. ಯಾರು ಯಾರಿಂದ ಕಲಿತರು ಎನ್ನುವುದು ಮಾತ್ರ ಕೆಲವು ಕಡೆ ಸ್ಪಷ್ಟವಾಗಿರುತ್ತದೆ, ಅದನ್ನು ಒಪ್ಪಿಕೊಳ್ಳುವುದು ಮರ್ಯಾದೆ. 'ಇದು ನಮ್ಮ ಆಂಬೊಡೆ' ಅಂತ ಪ್ರೀತಿಯಿಂದ ಹೇಳಿದರೆ ತಪ್ಪೇನಿಲ್ಲ. 'ನಮ್ಮಿಂದ ಕದ್ದದ್ದು' ಅಂದರೆ ನಾವೂ ಬಾವುಟ ಸಿಕ್ಕಿಸಲು ಹೊರಟೆವು ಅಂತಲೇ ಲೆಕ್ಕ.

ಇನ್ನೊಂದು ಮಾತು. ಸೋಮೇಶ್ವರ ಬರೆದಿಟ್ಟ ಅಂತ ವಡೆ ಅವನ ಕಾಲದಲ್ಲೇ ಹುಟ್ಟಿದ್ದಲ್ಲ. ಈಜಿಪ್ಟಿನವರು ಬರೆಯಲಿಲ್ಲ ಅಂತ ಅವರ ಅಜ್ಜಿಯರು ಕರಿಯಲೇ ಇಲ್ಲ ಅಂತಲೂ ಅಲ್ಲ. ಅರಮನೆಯ ಅಡುಗೆ ಪುಸ್ತಕಕ್ಕೆ ಹೋಗುತ್ತದೆ, ಉಪವಾಸದ ಮನೆಯ ಅಡುಗೆ ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮಲ್ಲೂ ನುಚ್ಚಿನುಂಡೆ, ಅಲಸಂದೆ ವಡೆ, ಹಿತಕಿದ ಅವರೆಯ ವಡೆ ಅಂತ ಮನೆಗೊಂದು ಬಗೆ ಇದೆ. ಎಷ್ಟೋ ಬಗೆಗಳು ಎಲ್ಲೂ ಬರಹದಲ್ಲಿಲ್ಲ. ಯುನಿಕೋಡ್ ಇದೆ, ಪುಕ್ಕಟೆ ಜಾಗ ಇದೆ, ನಮಗೆ ಬರೆಯುವ ಚಟವಂತೂ ಇದ್ದೇ ಇದೆ. ಈ ವಾರ ಮನೆಗೆ ಫೋನ್ ಮಾಡಿದಾಗ ನಿಮ್ಮ ಕಡೆಯ ಒಂದು ವಡೆ ಹೇಗೆ ಮಾಡುತ್ತಾರೆ, ಯಾರಿಂದ ಕಲಿತರು ಅಂತ ಕೇಳಿ ಬರೆದು ಹಾಕಿ. ಕಲಿಸಿದವರ ಹೆಸರು ಮಾತ್ರ ಬಿಡಬೇಡಿ.