ಸಾಮಾಜಿಕ ಪರಿವರ್ತನೆಯಲ್ಲಿ ಗೀಗೀ ಪದ

ಉತ್ತರ ಕರ್ನಾಟಕದ ಗೀಗೀ ಪದವು ಮನರಂಜನೆಯೊಡನೆ ಜನಜಾಗೃತಿಯನ್ನೂ ಮೂಡಿಸಿದ ಜಾನಪದ ಗಾಯನ ಪ್ರಕಾರವಾಗಿದೆ. ಮುಖ್ಯ ಗಾಯಕರು ದಪ್ಪು ಬಾರಿಸುತ್ತ ಹಾಡಿದರೆ, ಹಿಮ್ಮೇಳದವರು ತುಂತುಣಿ ಮತ್ತು ತಾಳಗಳೊಡನೆ ದನಿಗೂಡಿಸುತ್ತಾರೆ.

ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಬೆಳಗಾವಿ ಜಿಲ್ಲೆಯ ಹುಲಕುಂದದ ಭೀಮಕವಿ ಮೊದಲಾದವರು ಈ ಪದಗಳ ಮೂಲಕ ರಾಷ್ಟ್ರೀಯ ಭಾವನೆಯನ್ನು ಹಳ್ಳಿಗಳಿಗೆ ತಲುಪಿಸಿದರು. ಪತ್ರಿಕೆ ಓದಲು ಬಾರದವರಿಗೂ ಚಳವಳಿಯ ಸಂದೇಶವು ಹಾಡಾಗಿ ದೊರೆಯಿತು.

ಹರದೇಶಿ–ನಾಗೇಶಿ ಸ್ಪರ್ಧೆಯಲ್ಲಿ ಹರದೇಶಿ ಮೇಳವು ಪುರುಷನ ಹಿರಿಮೆಯನ್ನೂ ನಾಗೇಶಿ ಮೇಳವು ಸ್ತ್ರೀಯ ಹಿರಿಮೆಯನ್ನೂ ಸವಾಲು–ಜವಾಬಿನ ರೂಪದಲ್ಲಿ ಪ್ರತಿಪಾದಿಸುತ್ತದೆ. ಇದರಿಂದ ಮನೆಯೊಳಗೆ ಪ್ರಶ್ನಿಸಲಾಗದ ವಿಷಯವೂ ಊರಿನ ನಡುವೆ ಬಹಿರಂಗ ಚರ್ಚೆಗೆ ಒಳಪಡುತ್ತದೆ.

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದ ನಂತರ ಸಾಕ್ಷರತಾ ಕಲಾಜಾಥಾಗಳೂ ಜಾನಪದ ಮಟ್ಟುಗಳನ್ನು ಬಳಸಿಕೊಂಡವು. ಪರಿಚಿತ ಮಟ್ಟಿನಲ್ಲಿ ಹೊಸ ವಿಚಾರವನ್ನು ಹೇಳುವುದೇ ಈ ಮಾಧ್ಯಮದ ಶಕ್ತಿಯಾಗಿದೆ.