ತುಂಬೆ

ಮಳೆಗೆ ಹುಟ್ಟಿ, ಹೂಬಿಟ್ಟು, ಬೀಜ ಉದುರಿಸಿ, ಬೇಸಿಗೆ ಬಲಿಯುವ ಮುನ್ನ ಒಣಗಿಹೋಗುವ ಏಕವಾರ್ಷಿಕ ಗಿಡ. ತುಳಸಿಯಿರುವ ಲೇಮಿಯೇಸಿ ಕುಟುಂಬಕ್ಕೆ ಸೇರಿದ್ದು. ಸಸ್ಯಶಾಸ್ತ್ರೀಯ ಹೆಸರು ಲ್ಯೂಕಾಸ್ ಆಸ್ಪೆರಾ. ಜರ್ಮನಿಯ ವಿಲ್ಡೆನೋ 1809ರಲ್ಲಿ ಇದನ್ನು ಫ್ಲೋಮಿಸ್ ಕುಲದಲ್ಲಿಟ್ಟು ವರ್ಣಿಸಿದ. 1822ರಲ್ಲಿ ಲಿಂಕ್ ಈಗಿನ ಕುಲಕ್ಕೆ ತಂದ. ಭಾರತ, ಶ್ರೀಲಂಕಾಗಳಿಂದ ಆಗ್ನೇಯ ಏಷ್ಯಾದವರೆಗೆ ಹಬ್ಬಿದೆ. ಕರ್ನಾಟಕದಲ್ಲಿ ಹೊಲದ ಬದು, ಬೀಳುನೆಲ, ರಸ್ತೆಯಂಚು ಇದರ ನೆಲೆ. ಬೆಳೆಯ ನಡುವೆ ಕಳೆಯೆಂದು ಕಿತ್ತೆಸೆಯುವುದೂ ಇದನ್ನೇ, ಶಿವಪೂಜೆಗೆಂದು ಹುಡುಕಿಕೊಂಡು ಹೋಗುವುದೂ ಇದನ್ನೇ.

ಗಿಡ 15ರಿಂದ 60 ಸೆಂ.ಮೀ. ಎತ್ತರ. ಕಾಂಡ ಚೌಕ, ಮುಟ್ಟಿದರೆ ಒರಟು. ಎಲೆ ಕಿರಿದು, ಉದ್ದ, ರೋಮಭರಿತ. ಗೆಣ್ಣುಗೆಣ್ಣಿಗೂ ಕಾಂಡವನ್ನು ಸುತ್ತುವರಿದು ಹಸಿರು ಪುಷ್ಪಪಾತ್ರೆಗಳ ಗುಂಪು, ಅದರಿಂದ ಇಣುಕುವ ಒಂದು ಸೆಂ.ಮೀ. ಉದ್ದದ ಬಿಳಿ ಹೂಗಳು. ಹೂವನ್ನು ಹತ್ತಿರದಿಂದ ನೋಡಬೇಕು: ಮೇಲ್ದುಟಿ ಚಿಕ್ಕದು, ಬೆನ್ನ ಮೇಲೆಲ್ಲ ಬಿಳಿ ಉಣ್ಣೆಯಂಥ ಕೂದಲು, ಕೆಳದುಟಿ ಅದರ ಎರಡರಷ್ಟು ಉದ್ದ, ಜೇನುನೊಣ ಬಂದು ಕೂರುವುದು ಇದರ ಮೇಲೆ. ಹೂ ಕಿತ್ತು ಬುಡದ ಸಿಹಿ ಹೀರುವುದು ಹಳ್ಳಿಯ ಮಕ್ಕಳಿಗೆ ಗೊತ್ತು. ಹೂ ಉದುರಿದ ಮೇಲೆ ಪ್ರತಿ ಪುಷ್ಪಪಾತ್ರೆಯ ತಳದಲ್ಲಿ ಗರಿಷ್ಠ ನಾಲ್ಕು ಕಂದು ಬೀಜಗಳು ಬಲಿಯುತ್ತವೆ. ಒಂದೊಂದೂ ಸುಮಾರು 2.5 ಮಿ.ಮೀ. ಉದ್ದ, ಒಳಮೈ ಏಣು, ಹೊರಮೈ ದುಂಡು.

ಬರವನ್ನು ತಾಳುವ ಗುಟ್ಟು ಮುಖ್ಯವಾಗಿ ಇದರ ಕಾಲಜ್ಞಾನದಲ್ಲಿದೆ. ಕಿರಿದಾದ ಎಲೆ ಮಳೆಯ ನಡುವಣ ಬಿಡುವನ್ನು ದಾಟಿಸೀತು. ಕಡುಬೇಸಿಗೆಯನ್ನು ಕಳೆಯುವುದು ಮಾತ್ರ ಮಣ್ಣಿನಲ್ಲಿರುವ ಬೀಜ. ಆದ್ದರಿಂದ ತುಂಬೆಯನ್ನು ಬೆಳೆಸುವವರು ನೀರು ಗೊಬ್ಬರಗಳಿಗಿಂತ ಬೀಜದ ಕಡೆಗೆ ಗಮನ ಕೊಡಬೇಕು.

ಬೀಜ ಅಂಗಡಿಯಲ್ಲಿ ಸಿಗುವುದು ಅಪರೂಪ, ಗಿಡದಿಂದಲೇ ಕೂಡಿಸಿಕೊಳ್ಳಬೇಕು. ಕೆಳಗಿನ ಗೆಣ್ಣುಗಳ ಪುಷ್ಪಪಾತ್ರೆ ಒಣಗಿ ಕಂದಾದಾಗ, ತುದಿಯಲ್ಲಿ ಇನ್ನೂ ಹೂವಿದ್ದರೂ, ಕಾಂಡ ಕತ್ತರಿಸಿ ಕಾಗದದ ಮೇಲೆ ತಲೆಕೆಳಗಾಗಿ ಕೊಡವಿದರೆ ಬೀಜ ಉದುರುತ್ತದೆ. ಪೂರ್ತಿ ಒಣಗಲೆಂದು ಕಾದರೆ ಮೊದಲು ಬಲಿತ ಬೀಜ ನೆಲದ ಪಾಲಾಗಿರುತ್ತದೆ. ಕರಿತುಂಬೆಯೆಂದು ಕರೆಯುವುದು ಇದೇ ಕುಟುಂಬದ ಬೇರೊಂದು ಗಿಡ. ಅದರ ಹೂ ನಸುನೇರಳೆ. ಹೂವಿದ್ದಾಗಲೇ ಗುರುತಿಟ್ಟುಕೊಂಡರೆ ತಪ್ಪುವುದಿಲ್ಲ. ಕೂಡಿಸಿದ ಬೀಜವನ್ನು ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಬಹುದು.

ಮುಂಗಾರಿನ ಒಂದೆರಡು ಹದವಾದ ಮಳೆ ಬಿದ್ದು ನೆಲ ನೆನೆದ ಮೇಲೆ ಬಿತ್ತನೆ. ದಿನದ ಬಹುಪಾಲು ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಕಲ್ಲುಮಿಶ್ರಿತ ಕೆಮ್ಮಣ್ಣಾದರೂ ಸಾಕು. ಮೇಲ್ಮಣ್ಣನ್ನು ತುಸು ಕೆದಕಿ, ಬೀಜವನ್ನು ಒಣ ಮರಳಿನೊಂದಿಗೆ ಬೆರೆಸಿ ಎರಚಿ, ಅಂಗೈಯಿಂದ ಒತ್ತಿದರೆ ಆಯಿತು. ಆಳಕ್ಕೆ ಹೂಳಬಾರದು. ಮೊಳಕೆ ಬರುವವರೆಗೆ ಮಳೆ ಕೈಕೊಟ್ಟರೆ ಮಾತ್ರ ತೆಳುವಾಗಿ ನೀರು ಚಿಮುಕಿಸಬೇಕು. ಮೊದಲ ವಾರಗಳಲ್ಲಿ ಹುಲ್ಲು ಸಸಿಯನ್ನು ಮುಚ್ಚಿಬಿಡುತ್ತದೆ. ಆಗ ಕಳೆ ಕೀಳದಿದ್ದರೆ ಬಿತ್ತಿದ್ದು ವ್ಯರ್ಥ. ಸಸಿಗಳು ಬೆರಳುದ್ದ ಬಂದಾಗ ಗೇಣಿಗೊಂದರಂತೆ ಉಳಿಸಿದರೆ ಗಿಡ ಕವಲೊಡೆದು ತುಂಬಿಕೊಳ್ಳುತ್ತದೆ. ಗೊಬ್ಬರ ಬೇಡ: ಕೊಟ್ಟರೆ ಎಲೆ ಸೊಕ್ಕಿ ಗಿಡ ವಾಲುತ್ತದೆ. ಕುಂಡದಲ್ಲೂ ಬೆಳೆಯುತ್ತದೆ, ತಳದಲ್ಲಿ ತೂತಿರಬೇಕಷ್ಟೆ. ಶಿವರಾತ್ರಿಗೆ ಹೂ ಬೇಕೆನ್ನುವವರು ಹಿಂಗಾರಿನಲ್ಲಿ ಇನ್ನೊಮ್ಮೆ ಬಿತ್ತಿ, ಚಳಿಗಾಲದಲ್ಲಿ ಆಗಾಗ ನೀರು ಕೊಟ್ಟು ಗಿಡ ಉಳಿಸಿಕೊಳ್ಳಬೇಕಾಗುತ್ತದೆ.

ಪ್ರಾಚೀನ ತಮಿಳು ಕಾವ್ಯಪರಂಪರೆಯಲ್ಲಿ ಎದುರುಬದುರು ನಿಂತು ಕಾದುವ ಯುದ್ಧಕ್ಕೆ ‘ತುಂಬೈ’ ಎಂದೇ ಹೆಸರು. ಯೋಧರು ಈ ಹೂವಿನ ಮಾಲೆ ಧರಿಸುತ್ತಿದ್ದರೆಂದು ಲಕ್ಷಣಗ್ರಂಥಗಳು ಹೇಳುತ್ತವೆ. ಕೇರಳದಲ್ಲಿ ಓಣಂ ಹೂರಂಗೋಲಿಗೆ ಇದು ಬೇಕು. ಸಂಸ್ಕೃತದಲ್ಲಿ ದ್ರೋಣಪುಷ್ಪಿ. ನೆಗಡಿ, ತಲೆನೋವಿಗೆ ಸೊಪ್ಪಿನ ರಸ ಬಳಸುವ ರೂಢಿಯಿದೆ. ಹಾವಿನ ವಿಷಕ್ಕೂ ಮದ್ದೆಂಬ ನಂಬಿಕೆ ಅಪಾಯಕಾರಿ. ಹಾವು ಕಚ್ಚಿದವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಮದ್ದು ಅಲ್ಲಿನ ಪ್ರತಿವಿಷವೇ.

ಬದುಗಳಿಗೂ ಕಳೆನಾಶಕ ಹೊಡೆಯುವ ಕಡೆ ತುಂಬೆ ಬೀಜ ಕಟ್ಟುವ ಮುನ್ನವೇ ಸಾಯುತ್ತದೆ. ಇಂಥ ಊರುಗಳಲ್ಲಿ ಹಿತ್ತಿಲ ಒಂದು ಮೂಲೆಯನ್ನು ಇದಕ್ಕೆ ಬಿಟ್ಟುಕೊಡುವುದು ಜೇನಿಗೂ ಚಿಟ್ಟೆಗೂ ದೊಡ್ಡ ಉಪಕಾರ. ಅಲ್ಲಿ ಒಣಗಿದ ಗಿಡಗಳನ್ನು ಕೂಡಲೇ ಕೀಳದೆ ಬೀಜವೆಲ್ಲ ಉದುರುವವರೆಗೆ ಬಿಡಬೇಕು, ಬೇಸಿಗೆಯಲ್ಲಿ ಆ ನೆಲವನ್ನು ಆಳವಾಗಿ ಅಗೆಯಬಾರದು. ಮರುವರ್ಷದ ಮಳೆಗೆ ಬಿತ್ತದೆಯೇ ಸಸಿ ಏಳುತ್ತದೆ. ಬೇಡದ ಕಡೆ ಬಂದದ್ದನ್ನು ಪುಷ್ಪಪಾತ್ರೆ ಕಂದಾಗುವ ಮುನ್ನ ಕಿತ್ತರೆ ಸಾಕು.